ಸಂಕಲ್ಪದಲ್ಲಿ ಹೇಳಬೇಕಾದ ದೇಶ

ಕಳೆದ ಫಾಲ್ಗುಣಮಾಸದ ಒಂದು ಗುರುವಾರ ನಮ್ಮ ಶಾಖಾಮಠದಲ್ಲಿ ಸಾಯಂಕಾಲದ ಪ್ರವಚನ ಮುಗಿದು ಮಂಗಳಾರತಿಯಾದ ಮೇಲೆ, ಡೊಂಬಿವಲಿಯಿಂದ ಬಂದಿದ್ದ ಗೃಹಿಣಿಯೊಬ್ಬರು ತಮ್ಮ ವೃದ್ಧ ಅತ್ತೆಯವರೊಡನೆ ಬಾಗಿಲ ಬಳಿ ನನಗಾಗಿ ಕಾದು ನಿಂತಿದ್ದರು. ನಾನು ಪಂಡಿತನಲ್ಲ. ಬ್ಯಾಂಕಿನ ಕೆಲಸದಿಂದ ನಿವೃತ್ತನಾದ ಮೇಲೆ ವಿದ್ವಾಂಸರ ಪಾದಮೂಲದಲ್ಲಿ ನಾಲ್ಕಕ್ಷರ ಕೇಳಿಕೊಂಡವನು. ಆದರೂ ಪರಿಚಯದ ಬಲದಿಂದ ಜನ ನನ್ನನ್ನು ಇಂಥ ವಿಷಯಗಳಲ್ಲಿ ಕೇಳುವುದುಂಟು. ಆ ತಾಯಿಯ ಒಬ್ಬನೇ ಮಗ, ಇಪ್ಪತ್ನಾಲ್ಕು ವಯಸ್ಸಿನ ತರುಣ, ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಅವನ ಕಂಪನಿಯವರು ಅವನನ್ನು ಆರು ತಿಂಗಳ ಮಟ್ಟಿಗೆ ದಕ್ಷಿಣ ಅಮೆರಿಕದ ಸುರಿನಾಮ್ ಎಂಬ ದೇಶಕ್ಕೆ ಕಳುಹಿಸುವವರಿದ್ದರು. ಆ ಮನೆತನದಲ್ಲಿ ಅದುವರೆಗೆ ಸಮುದ್ರ ದಾಟಿದವರು ಯಾರೂ ಇರಲಿಲ್ಲ. ತಂದೆ ತೀರಿ ಮೂರು ವರ್ಷ. ಅವರ ಚಿಕಿತ್ಸೆಗಾಗಿ ಮಾಡಿದ ಸಾಲ ಇನ್ನೂ ಉಳಿದಿದೆ, ಮಗಳ ಮದುವೆ ಮುಂದಿದೆ. ತಂದೆಯ ಶ್ರಾದ್ಧ ಜ್ಯೇಷ್ಠ ಬಹುಳ ಪಂಚಮಿ. ಹುಡುಗ ಹೊರಟರೆ ಆ ದಿನ ಅವನು ಸಮುದ್ರದಾಚೆ ಇರುತ್ತಾನೆ.

"ಹೋಗು ಅನ್ಲೋ, ಬ್ಯಾಡ ಅನ್ಲೋ, ನೀವ ಹೇಳ್ರಿ ರಾಯರ" ಎಂದರು ಆಕೆ.

ನಾನು ಹೆಚ್ಚು ಯೋಚಿಸಲಿಲ್ಲ. "ಶ್ರೀಹರಿ ಸರ್ವವ್ಯಾಪಿ, ತಾಯಿ. ಇಲ್ಲಿರುವವನೇ ಅಲ್ಲಿಯೂ ಇದ್ದಾನೆ. ನಿಶ್ಚಿಂತೆಯಿಂದ ಕಳುಹಿಸಿರಿ" ಎಂದೆ. ಹೇಳಿದ ಮಾತು ನನಗೇ ಬಹಳ ಚೆನ್ನಾಗಿ ಕೇಳಿಸಿತು. ಆಗ ಅಲ್ಲಿಯವರೆಗೆ ಸುಮ್ಮನಿದ್ದ ಅಜ್ಜಿ ತಲೆಯೆತ್ತಿ, "ಹರಿ ಎಲ್ಲಾ ಕಡೆ ಇದ್ದಾನಂದ್ರ, ನಾವು ಉಡುಪಿಗೆ ಯಾಕ ಹೋಗ್ತೀವ್ರಿ ರಾಯರ?" ಎಂದು ಕೇಳಿದರು.

ನನ್ನ ಬಳಿ ಉತ್ತರವಿರಲಿಲ್ಲ. ವಿಚಾರಿಸಿ ಹೇಳುತ್ತೇನೆಂದು ತಪ್ಪಿಸಿಕೊಂಡು ಮನೆಗೆ ಬಂದೆ. ಆ ವಿಚಾರಣೆಯ ಫಲವನ್ನು, ಆಮೇಲೆ ನಡೆದುದರೊಂದಿಗೆ, ಸಜ್ಜನರ ಮುಂದಿಡುತ್ತಿದ್ದೇನೆ.

ಅಜ್ಜಿಯ ಪ್ರಶ್ನೆ ತಾತ್ತ್ವಿಕವಾಗಿ ಬಹಳ ಗಟ್ಟಿಯಾದದ್ದು. ತೋರುವ ಭೇದವೆಲ್ಲ ಕೊನೆಗೆ ಮಿಥ್ಯೆ ಎನ್ನುವವರಿಗೆ ಅದು ಬಾಧಕವಾಗಲಾರದು. ದೇಶಭೇದವನ್ನು ವ್ಯಾವಹಾರಿಕವೆಂದು ಅವರು ಪಕ್ಕಕ್ಕೆ ಇಡಬಹುದು. ಶ್ರೀಮದಾಚಾರ್ಯರ ಅನುಯಾಯಿಗಳಿಗೆ ಆ ಅನುಕೂಲವಿಲ್ಲ. ನಮ್ಮ ಸಿದ್ಧಾಂತದಲ್ಲಿ ಪಂಚಭೇದಗಳು ಸತ್ಯ, ಅವುಗಳಲ್ಲಿ ಜಡ-ಜಡಭೇದವೂ ಒಂದು. ಒಂದು ನೆಲ ಇನ್ನೊಂದು ನೆಲವಲ್ಲ, ಒಂದು ನೀರು ಇನ್ನೊಂದು ನೀರಲ್ಲ. ಭಗವಂತ ಎಲ್ಲೆಡೆಯೂ ಪೂರ್ಣನಾಗಿಯೇ ಇದ್ದಾನೆಂಬುದು ನಿಜ. ಆದರೆ ಎಲ್ಲಿ ವಿಶೇಷಸನ್ನಿಧಾನವನ್ನು ತೋರಬೇಕೆಂಬುದು ಆ ಸ್ವತಂತ್ರನ ಇಚ್ಛೆಗೆ ಸೇರಿದ್ದು, ನಮ್ಮ ಅನುಕೂಲಕ್ಕೆ ಸೇರಿದ್ದಲ್ಲ. ಶ್ರೀಮದ್ಭಾಗವತದ ಪಂಚಮಸ್ಕಂಧವಂತೂ ಜಂಬೂದ್ವೀಪದ ಒಂಬತ್ತು ವರ್ಷಗಳಲ್ಲಿ ಭರತವರ್ಷವೊಂದೇ ಕರ್ಮಕ್ಷೇತ್ರ, ಉಳಿದವು ಪುಣ್ಯಶೇಷವನ್ನು ಅನುಭವಿಸುವ ಸ್ಥಾನಗಳು ಎಂದು ಸ್ಪಷ್ಟವಾಗಿ ಹೇಳುತ್ತದೆ. ಹೀಗಿರಲು "ಎಲ್ಲಿದ್ದರೇನು" ಎಂಬ ನನ್ನ ಸಮಾಧಾನ ವೈಷ್ಣವ ವೇಷ ತೊಟ್ಟ ಆಲಸ್ಯವೇ ಹೊರತು ಸಿದ್ಧಾಂತವಲ್ಲ.

ಇನ್ನು ನಿಷೇಧದ ವಿಷಯ. ಬೌಧಾಯನ ಧರ್ಮಸೂತ್ರ ಪತನೀಯಗಳನ್ನು ಎಣಿಸುವಲ್ಲಿ ಸಮುದ್ರಯಾನವನ್ನೇ ಮೊದಲು ಹೇಳುತ್ತದೆ. ಕಲಿವರ್ಜ್ಯ ಪ್ರಕರಣಗಳಲ್ಲಿ, ಸಮುದ್ರಯಾನ ಮಾಡಿದ ದ್ವಿಜನನ್ನು ಪ್ರಾಯಶ್ಚಿತ್ತದ ನಂತರವೂ ವ್ಯವಹಾರಕ್ಕೆ ಸೇರಿಸಿಕೊಳ್ಳಬಾರದೆಂಬ ಮಾತು ಬರುತ್ತದೆ. ಅದೇ ಬೌಧಾಯನರು ಇನ್ನೊಂದೆಡೆ ಉತ್ತರದೇಶದವರ ವಿಶಿಷ್ಟಾಚಾರಗಳಲ್ಲಿ ಸಮುದ್ರಯಾನವನ್ನು ಎಣಿಸಿರುವುದರಿಂದ, ಆ ಕಾಲದಲ್ಲಿಯೂ ಹೋಗುವವರು ಹೋಗುತ್ತಿದ್ದರೆಂಬುದು ತಿಳಿಯುತ್ತದೆ. (ಅಲ್ಲಿಯೇ ದಾಕ್ಷಿಣಾತ್ಯರ ವಿಶಿಷ್ಟಾಚಾರಗಳಲ್ಲಿ ಸೋದರಮಾವನ ಮಗಳನ್ನು ಮದುವೆಯಾಗುವುದನ್ನು ಹೇಳಿದೆ, ಅದರ ಬಗ್ಗೆ ನಮ್ಮ ಕಡೆ ಯಾರೂ ಅಷ್ಟಾಗಿ ಚರ್ಚೆ ಮಾಡುವುದಿಲ್ಲ.)

ಈ ನಿಷೇಧವನ್ನು ದಾಟಲು ನಾವು ಹುಡುಕಿಕೊಂಡಿರುವ ಜಾಣ್ಮೆಯ ಮಾತುಗಳು ಕಡಿಮೆಯಿಲ್ಲ. ವಿಮಾನವು ಹಡಗಲ್ಲ, ಆದ್ದರಿಂದ ಅದು ಯಾನವೇ ಆದರೂ ಸಮುದ್ರಯಾನವಲ್ಲ ಎನ್ನುವವರಿದ್ದಾರೆ. ಉಡುಪಿಯ ಕೃಷ್ಣನೇ ಗೋಪೀಚಂದನದ ಗಡ್ಡೆಯೊಳಗೆ ಹಡಗಿನಲ್ಲಿ ಬಂದವನಲ್ಲವೇ ಎನ್ನುವವರಿದ್ದಾರೆ. ವಿಧಿನಿಷೇಧಗಳಿಗೆ ಒಳಗಾಗದ ಪರಮಾತ್ಮನನ್ನು ನಮ್ಮ ವೀಸಾ ಅರ್ಜಿಗೆ ಸಾಕ್ಷಿಯಾಗಿ ಕರೆಯುವುದು ಎಷ್ಟರ ಮಟ್ಟಿಗೆ ಉಚಿತ? ಇವಕ್ಕಿಂತ ಗಂಭೀರವಾದ ವಾದವೊಂದಿದೆ. ತಿಂಗಳುಗಟ್ಟಲೆ ಹಡಗಿನಲ್ಲಿ ಸಂಧ್ಯಾವಂದನೆ ಲೋಪವಾಗುತ್ತಿತ್ತು, ಭಕ್ಷ್ಯಾಭಕ್ಷ್ಯ ವಿವೇಕ ಉಳಿಯುತ್ತಿರಲಿಲ್ಲ, ಆ ಕಾರಣಕ್ಕೆ ನಿಷೇಧಿಸಿದರು. ಇಂದು ಒಂದು ದಿನದಲ್ಲಿ ತಲುಪಬಹುದಾದ್ದರಿಂದ ಕಾರಣವೂ ಇಲ್ಲ, ನಿಷೇಧವೂ ಇಲ್ಲ ಎಂಬುದು ಆ ವಾದ. ನಿಷೇಧ ಕೇವಲ ದೃಷ್ಟಾರ್ಥವಾಗಿದ್ದರೆ ಇದನ್ನು ಒಪ್ಪಬಹುದು. ಆದರೆ ಕೇವಲ ದೃಷ್ಟಾರ್ಥವೆಂದು ಹೇಳಲು ನಾವು ಯಾರು? ಧರ್ಮಾಧರ್ಮಗಳು ಅಪೌರುಷೇಯ ವೇದದಿಂದಲ್ಲದೆ ಸಿದ್ಧಿಸುವುದಿಲ್ಲವೆಂದು ಶ್ರೀಮದಾಚಾರ್ಯರು ವಿಷ್ಣುತತ್ತ್ವನಿರ್ಣಯದಲ್ಲಿ ಸಾಧಿಸಿದ್ದಾರೆ. ಬರಿಯ ಊಹೆಯಿಂದ ಧರ್ಮವನ್ನು ಕಟ್ಟಲಾಗದಿದ್ದರೆ ಬರಿಯ ಊಹೆಯಿಂದ ಅಧರ್ಮವನ್ನು ಅಳಿಸಲೂ ಆಗುವುದಿಲ್ಲ.

ಯತಿಗಳ ಸಮುದ್ರಯಾನದ ಪ್ರಶ್ನೆ 2008ರ ಪುತ್ತಿಗೆ ಪರ್ಯಾಯದ ಸಂದರ್ಭದಲ್ಲಿ ಎದ್ದು, 2024ರ ಪರ್ಯಾಯದ ಕಾಲಕ್ಕೂ ಚರ್ಚೆಯಲ್ಲಿ ಉಳಿದಿದ್ದುದನ್ನು ಎಲ್ಲರೂ ಬಲ್ಲರು. ಪೀಠಸ್ಥರ ವಿಷಯವನ್ನು ಪೀಠಸ್ಥರೇ ನಿರ್ಣಯಿಸಬೇಕು. ನನ್ನಂಥವನು ಅಲ್ಲಿ ಮಾತನಾಡುವುದು ತರವಲ್ಲ. ಇಲ್ಲಿ ಪ್ರಕೃತವಾದದ್ದು ಸಾಲವಿರುವ ಒಬ್ಬ ಬಡ ಬ್ರಹ್ಮಚಾರಿಯ ವಿಷಯ.

ಮುಂಬಯಿಯವರಾದ ನಮಗೆ ಈ ವಿಷಯದಲ್ಲಿ ಹತ್ತಿರದ ಉದಾಹರಣೆಯೊಂದಿದೆ. 1888ರಲ್ಲಿ ತರುಣ ಮೋಹನದಾಸ ಗಾಂಧಿಯವರು ಓದಿಗಾಗಿ ಇಂಗ್ಲೆಂಡಿಗೆ ಹೊರಟಾಗ ಅವರ ಮೋಢ ವಣಿಕ ಜಾತಿಯವರು ಇದೇ ನಗರದಲ್ಲಿ ಸಭೆ ಸೇರಿ ಅವರಿಗೆ ಬಹಿಷ್ಕಾರ ಹಾಕಿದರು. 1891ರಲ್ಲಿ ಹಿಂದಿರುಗಿದಾಗ ಅಣ್ಣನವರು ಅವರನ್ನು ನಾಸಿಕಕ್ಕೆ ಕರೆದೊಯ್ದು ಗೋದಾವರಿಯಲ್ಲಿ ಸ್ನಾನ ಮಾಡಿಸಿದರು. ಆಗ ತಡೆಯಲು ಒಂದು ಸಮಾಜವಿತ್ತು, ಶುದ್ಧೀಕರಿಸಲು ಒಂದು ವಿಧಿಯಿತ್ತು. ಇಂದು ಬಹಿಷ್ಕಾರ ಹಾಕುವವರಾರು? ಸಭೆ ಸೇರಬೇಕಾದವರ ಮಕ್ಕಳೆಲ್ಲ ಪರದೇಶದಲ್ಲಿಯೇ ಇದ್ದಾರೆ. ಹೊರಗಿನ ತಡೆ ಹೋದುದರಿಂದ ನಿರ್ಣಯದ ಭಾರವೆಲ್ಲ ಹೋಗುವವನ ಅಂತಃಕರಣದ ಮೇಲೆ ಬಿದ್ದಿದೆ. ಇಪ್ಪತ್ನಾಲ್ಕು ವರ್ಷದವನಿಗೆ ಇದು ಸಣ್ಣ ಭಾರವಲ್ಲ.

ಕೊನೆಗೆ ನಾನು ಹುಡುಗನನ್ನೇ ಕರೆಸಿ ಮಾತನಾಡಿದೆ. ಹೋಗುವುದು ಅನಿವಾರ್ಯವೆಂದು ಅವನಿಗೆ ತೋರಿತ್ತು, ನಾನು ತಡೆಯಲಿಲ್ಲ. ಒಂದು ಮಾತನ್ನು ಮಾತ್ರ ಹೇಳಿದೆ: "ಹೋಗುವುದು ದೋಷವಲ್ಲವೆಂದು ನಿನಗೆ ನೀನೇ ಸಮಜಾಯಿಷಿ ಕೊಟ್ಟುಕೊಳ್ಳಬೇಡ. ದೋಷವಿದೆ ಎಂದೇ ಇಟ್ಟುಕೊಂಡು ಹೋಗಿ ಬಾ. ಬಂದ ಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳೋಣ." ಅಜ್ಜಿ ದರ್ಭೆಯ ಕಟ್ಟು, ಗೋಪೀಚಂದನ, ಸಣ್ಣದೊಂದು ಗಿಂಡಿಯಲ್ಲಿ ಗಂಗೋದಕ, ಮಠದ ಪಂಚಾಂಗ ಇವಿಷ್ಟನ್ನು ತಾವೇ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿ ಇಟ್ಟರು. ಚೈತ್ರಮಾಸದಲ್ಲಿ ಅವನು ಆಂಸ್ಟರ್‌ಡ್ಯಾಮ್ ಮಾರ್ಗವಾಗಿ ಹೊರಟ.

ಓದುಗರಲ್ಲಿ ಆ ದೇಶದ ಹೆಸರನ್ನು ಕೇಳದವರೂ ಇರಬಹುದು. ಸುರಿನಾಮ್ ದಕ್ಷಿಣ ಅಮೆರಿಕ ಖಂಡದ ಉತ್ತರದ ಅಂಚಿನಲ್ಲಿ, ಭೂಮಧ್ಯರೇಖೆಯಿಂದ ಕೇವಲ ಆರು ಡಿಗ್ರಿ ಉತ್ತರಕ್ಕಿದೆ. ಜನಸಂಖ್ಯೆ ಸುಮಾರು 6 ಲಕ್ಷ, ಅಂದರೆ ನಮ್ಮ ಮುಂಬಯಿಯ ಒಂದು ಉಪನಗರದಷ್ಟು. ನೆಲದ ಹತ್ತರಲ್ಲಿ ಒಂಬತ್ತು ಪಾಲಿಗಿಂತ ಹೆಚ್ಚು ದಟ್ಟವಾದ ಕಾಡು. ಡಚ್ಚರ ವಸಾಹತಾಗಿದ್ದು 1975ರಲ್ಲಿ ಸ್ವತಂತ್ರವಾಯಿತು. ಆಡಳಿತಭಾಷೆ ಇಂದಿಗೂ ಡಚ್. ರಾಜಧಾನಿ ಪಾರಾಮಾರಿಬೊ ಸುರಿನಾಮ್ ಎಂಬ ನದಿಯ ಪಶ್ಚಿಮ ದಡದ ಮೇಲಿದೆ. ಗಡಿಯಾರ ನಮಗಿಂತ ಎಂಟೂವರೆ ಗಂಟೆ ಹಿಂದೆ.

ತಲುಪಿದ ಮರುದಿನವೇ ಹುಡುಗನ ಫೋನ್ ಬಂದಿತು. ಪ್ರಾತಃಸಂಧ್ಯೆಗೆ ಕುಳಿತು ಆಚಮನ ಪ್ರಾಣಾಯಾಮ ಮುಗಿಸಿ ಸಂಕಲ್ಪಕ್ಕೆ ಬಂದಾಗ ಅವನ ನಾಲಗೆ ನಿಂತುಬಿಟ್ಟಿತಂತೆ. ಜಂಬೂದ್ವೀಪ, ಭರತವರ್ಷ, ಭರತಖಂಡ, ದಂಡಕಾರಣ್ಯ, ಗೋದಾವರಿಯ ದಕ್ಷಿಣ ತೀರ. ಉಪನಯನದಂದಿನಿಂದ ಉಸಿರಿನಂತೆ ಬರುತ್ತಿದ್ದ ಹೆಸರುಗಳು. ಕಿಟಕಿಯ ಹೊರಗೆ ಕಂದುಬಣ್ಣದ ಅಗಲವಾದ ನದಿ ಹರಿಯುತ್ತಿದೆ, ಅದು ಗೋದಾವರಿಯಲ್ಲ. "ಸುಳ್ಳು ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ ರಾಯರ. ಏನನ್ಲಿ?" ಎಂದ.

ಇದನ್ನು ಕೇಳಿ ನನಗೆ ಒಳಗೊಳಗೇ ನಾಚಿಕೆಯಾಯಿತು. ದೆಹಲಿಯಲ್ಲಿ ಮೂವತ್ತು ವರ್ಷ ಯಮುನೆಯ ದಡದಲ್ಲಿದ್ದುಕೊಂಡು ದಿನವೂ ಗೋದಾವರಿಯ ದಕ್ಷಿಣ ತೀರವೆಂದೇ ಸಂಕಲ್ಪ ಮಾಡುವ ನನ್ನ ಬಂಧುವೊಬ್ಬರಿದ್ದಾರೆ. ಅವರನ್ನು ನಗುವ ನಾನೂ ಮುಂಬಯಿಯಲ್ಲಿ ಅದನ್ನೇ ಹೇಳುತ್ತ ಬಂದವನು. ಗೋದಾವರಿ ಹುಟ್ಟುವುದು ತ್ರ್ಯಂಬಕದಲ್ಲಿ, ಹರಿಯುವುದು ಪೂರ್ವಕ್ಕೆ. ನಾವಿರುವುದು ಸಹ್ಯಾದ್ರಿಯ ಪಶ್ಚಿಮಕ್ಕೆ. ಸಂಕಲ್ಪವೆಂದರೆ ಏನು? ಕರ್ಮಕ್ಕೆ ಮೊದಲು, ಯಾವ ಕಾಲದಲ್ಲಿ, ಯಾವ ದೇಶದಲ್ಲಿ ನಿಂತು, ಯಾರ ಪ್ರೇರಣೆಯಿಂದ, ಯಾರ ಪ್ರೀತಿಗಾಗಿ ಇದನ್ನು ಮಾಡುತ್ತಿದ್ದೇನೆಂದು ಬಿಂಬಮೂರ್ತಿಯ ಎದುರು ಬಾಯಿಬಿಟ್ಟು ಹೇಳಿಕೊಳ್ಳುವುದು. ಎಲ್ಲವನ್ನೂ ಬಲ್ಲ ಅವನಿಗೆ ನಾವು ಎಲ್ಲಿದ್ದೇವೆಂಬುದು ಗೊತ್ತಿಲ್ಲವೆಂದಲ್ಲ. ನಮಗೆ ಗೊತ್ತಿರಬೇಕೆಂಬುದಕ್ಕಾಗಿ ಆ ವಿಧಿ ಇರಬೇಕೆಂದು ನನಗೆ ತೋರುತ್ತದೆ.

ವಿದ್ವಾಂಸರೊಬ್ಬರನ್ನು ಕೇಳಿ ಅವನಿಗೆ ಉತ್ತರ ತಿಳಿಸಿದೆ. ಪುರಾಣೋಕ್ತ ಭೂಗೋಳದಲ್ಲಿ ಆ ನೆಲ ಯಾವ ವರ್ಷಕ್ಕೆ ಸೇರಿದ್ದೆಂದು ನಿಶ್ಚಯಿಸುವ ಸಾಹಸ ನಮಗೆ ಬೇಡ. ನಿಶ್ಚಯವಾಗಿ ಗೊತ್ತಿರುವುದನ್ನು ಹೇಳಿದರೆ ಸಾಕು: ಸುರಿನಾಮ್ ನದಿಯ ಪಶ್ಚಿಮ ತೀರ. ಭರತವರ್ಷವೆಂಬ ಪದವನ್ನು ಬಿಟ್ಟಾಗ ಅವನಿಗೆ ಕಣ್ಣಲ್ಲಿ ನೀರು ಬಂದಿತಂತೆ. ನಾನು ಅದನ್ನು ಒಳ್ಳೆಯ ಲಕ್ಷಣವೆಂದೇ ಎಣಿಸಿದೆ. ಕಳೆದುಕೊಂಡದ್ದು ಗೊತ್ತಾಗುವುದು, ಇತ್ತೆಂಬುದು ಗೊತ್ತಿದ್ದವನಿಗೆ ಮಾತ್ರ.

ಕಾಲದ ವಿಷಯದಲ್ಲಿ ಅಷ್ಟು ತೊಂದರೆಯಾಗಲಿಲ್ಲ. ನಡುಹಗಲ ಸೂರ್ಯ ತಲೆಯ ಉತ್ತರಕ್ಕೆ ಕಾಣುತ್ತಾನೆಂದು ಅವನು ಮೊದಲು ಬೆರಗಾದನು. ಮುಂಬಯಿಯಲ್ಲಿಯೂ ಮೇ ನಡುವಿನಿಂದ ಜುಲೈ ಕೊನೆಯವರೆಗೆ ಹಾಗೆಯೇ ಎಂದು ತಿಳಿಸಿದಾಗ ಇನ್ನೂ ಬೆರಗಾದನು. ಏಕಾದಶಿಯಲ್ಲಿ ಮಾತ್ರ ಒಮ್ಮೆ ಎಡವಿದ. ಮಠದ ಪಂಚಾಂಗದಲ್ಲಿ ಬುಧವಾರ ಏಕಾದಶಿಯೆಂದಿದ್ದುದನ್ನು ನೋಡಿ ಅಲ್ಲಿಯೂ ಬುಧವಾರವೇ ಉಪವಾಸ ಮಾಡಿದ. ತಿಥಿಯ ಆದಿ-ಅಂತ್ಯಗಳು ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ ಆಗುತ್ತವೆ. ಸೂರ್ಯೋದಯ ಊರಿನಿಂದ ಊರಿಗೆ ಬೇರೆ. ಮಂಗಳವಾರ ನಮ್ಮ ಬೆಳಗಿನ ಹತ್ತು ಗಂಟೆಗೆ ದಶಮಿ ಮುಗಿದರೆ ನಮಗೆ ಆ ದಿನದ ಸೂರ್ಯೋದಯ ದಶಮಿಯಲ್ಲಿಯೇ ಆಗಿಹೋಗಿರುತ್ತದೆ, ಉಪವಾಸ ಬುಧವಾರ. ಆದರೆ ಪಾರಾಮಾರಿಬೊದಲ್ಲಿ ಆಗ ಮಂಗಳವಾರ ರಾತ್ರಿ ಒಂದೂವರೆ. ಅರುಣೋದಯಕ್ಕೆ, ಅಂದರೆ ಸೂರ್ಯೋದಯಕ್ಕಿಂತ ನಾಲ್ಕು ಘಳಿಗೆ ಮೊದಲಿಗೆ, ಇನ್ನೂ ಮೂರು ಗಂಟೆಗೂ ಹೆಚ್ಚು ಕಾಲವಿದೆ. ದಶಮೀವೇಧವಿಲ್ಲದ ಶುದ್ಧ ಏಕಾದಶಿ ಅಲ್ಲಿ ಮಂಗಳವಾರವೇ. ಕೃಷ್ಣಾಮೃತಮಹಾರ್ಣವವನ್ನು ನಿತ್ಯ ಹೇಳುವವರೂ ಈ ಲೆಕ್ಕವನ್ನು ಮರೆತು ಪರದೇಶದಲ್ಲಿ ದ್ವಾದಶಿಯಂದು ಉಪವಾಸವಿದ್ದು ಏಕಾದಶಿಯಂದು ಉಂಡಿರುವುದನ್ನು ನಾನು ಬಲ್ಲೆ. ಊಟದ ವಿಷಯ ಹೇಳುವುದೇನೂ ಇಲ್ಲ. ಅಕ್ಕಿ ಆ ದೇಶದಲ್ಲಿಯೇ ಬೆಳೆಯುತ್ತದೆ, ಬೇಳೆ ಅಂಗಡಿಯಲ್ಲಿ ಸಿಗುತ್ತದೆ, ಹುಡುಗ ತಾನೇ ಬೇಯಿಸಿಕೊಂಡ. ಆಷಾಢ ಶುದ್ಧ ಏಕಾದಶಿಯ ತಪ್ತಮುದ್ರಾಧಾರಣೆ ಮಾತ್ರ ಆ ವರ್ಷ ತಪ್ಪಿತು.

ಬೇಳೆಯ ಅಂಗಡಿಯಿಂದಲೇ ಅವನಿಗೆ ಆ ದೇಶದ ಹಿಂದೂಗಳ ಪರಿಚಯವಾಯಿತು. ಡಚ್ಚರು 1863ರಲ್ಲಿ ಗುಲಾಮಗಿರಿಯನ್ನು ರದ್ದು ಮಾಡಿದ ಮೇಲೆ ಕಬ್ಬಿನ ತೋಟಗಳಿಗೆ ಆಳುಗಳು ಬೇಕಾದರು. ಬ್ರಿಟಿಷರೊಡನೆ ಒಪ್ಪಂದ ಮಾಡಿಕೊಂಡು ಹಿಂದುಸ್ಥಾನದಿಂದ ಕರಾರಿನ ಮೇಲೆ ಜನರನ್ನು ಸಾಗಿಸತೊಡಗಿದರು. ಲಾಲಾ ರೂಖ್ ಎಂಬ ಮೊದಲ ಹಡಗು ಕಲಕತ್ತೆಯಿಂದ 1873ರ ಫೆಬ್ರವರಿಯಲ್ಲಿ ಹೊರಟು ಸುಮಾರು 400 ಜನರೊಡನೆ ಜೂನ್ 5ರಂದು ತಲುಪಿತು. 1916ರ ವೇಳೆಗೆ ಹೀಗೆ ಹೋದವರು 34,000ಕ್ಕೂ ಹೆಚ್ಚು. ಬಹುಪಾಲು ಇಂದಿನ ಉತ್ತರ ಪ್ರದೇಶ ಮತ್ತು ಬಿಹಾರದ ಹಳ್ಳಿಗರು. ಕರಾರು ಮುಗಿದ ಮೇಲೆ ಕೆಲವರು ಹಿಂದಿರುಗಿದರು, ಹೆಚ್ಚಿನವರು ಅಲ್ಲಿಯೇ ನಿಂತರು. 2012ರ ಜನಗಣತಿಯ ಪ್ರಕಾರ ಆ ದೇಶದ ನೂರಕ್ಕೆ 27 ಜನ ಹಿಂದುಸ್ಥಾನಿ ಮೂಲದವರು, ನೂರಕ್ಕೆ 22 ಜನ ಹಿಂದೂಗಳು. ಹೋಳಿ ಅಲ್ಲಿ ಸರಕಾರಿ ರಜೆಯ ದಿನ. ದಳ್ಳಾಳಿಗಳು ಸುರಿನಾಮ್ ಎಂಬುದನ್ನು "ಶ್ರೀರಾಮ್ ದೇಶ" ಎಂದು ಹೇಳಿ ಮುಗ್ಧರನ್ನು ಹಡಗು ಹತ್ತಿಸಿದರೆಂಬ ಕಥೆ ಅಲ್ಲಿ ಮನೆಮನೆಯಲ್ಲಿಯೂ ಇದೆ.

ಹಡಗಿನಲ್ಲಿ ಜಾತಿ ಉಳಿಯಲಿಲ್ಲ. ಒಂದೇ ಪಾತ್ರೆಯ ಅನ್ನ ಉಂಡವರು ಜಹಾಜಿ ಭಾಯಿಗಳಾದರು. ಗ್ರಂಥವಿಲ್ಲ, ಗುರುವಿಲ್ಲ, ಮಠವಿಲ್ಲ. ಹೋದವರಲ್ಲಿದ್ದ ಕೆಲವು ಬ್ರಾಹ್ಮಣರು ನೆನಪಿನಲ್ಲಿದ್ದಷ್ಟನ್ನು ಎಲ್ಲರ ಮನೆಗೂ ಹೋಗಿ ಮಾಡಿಸಿದರು. ತುಲಸೀದಾಸರ ರಾಮಾಯಣ ಉಳಿಯಿತು, ಸತ್ಯನಾರಾಯಣ ಕಥೆ ಉಳಿಯಿತು, ಅಂಗಳದಲ್ಲಿ ಬಿದಿರಿನ ಗಳಕ್ಕೆ ಕಟ್ಟುವ ಹನುಮಂತನ ಝಂಡಿ ಉಳಿಯಿತು. ಪಾರಾಮಾರಿಬೊದಲ್ಲಿ ಗಂಟು ಹಿಡಿದು ನಿಂತ ಗಂಡಹೆಂಡಿರ ಪ್ರತಿಮೆಯೊಂದಿದೆ, "ಬಾಬಾ ಔರ್ ಮಾಈ" ಎಂದು ಕರೆಯುತ್ತಾರೆ. ಜೂನ್ 5ರಂದು ಹುಡುಗನೂ ಜನರೊಡನೆ ಅಲ್ಲಿಗೆ ಹೋಗಿದ್ದ. ಅಲ್ಲಿ ಅವನಿಗೆ ಎಂಬತ್ತು ಸಮೀಪಿಸಿದ ಒಬ್ಬ ಪಂಡಿತರ ಪರಿಚಯವಾಯಿತು. ಅವರ ಸರ್ನಾಮಿ ಭಾಷೆ ಇವನ ಮುಂಬಯಿ ಹಿಂದಿಗೆ ಅರ್ಧ ತಿಳಿಯುತ್ತಿತ್ತಂತೆ. ಗೋತ್ರ ಕೇಳಿದರಂತೆ, ಹೇಳಿದ. ತಮ್ಮದು ಕಾಶ್ಯಪ ಎಂದರು. ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ, "ನಿಜವಾಗಿ ಯಾವುದೋ ಗೊತ್ತಿಲ್ಲ, ಹಡಗಿನಲ್ಲಿ ಮರೆತುಹೋಯಿತು, ಗೋತ್ರ ಮರೆತವರಿಗೆ ಕಾಶ್ಯಪ ಹೇಳಬೇಕೆಂದು ನಮ್ಮ ಹಿರಿಯರು ಹೇಳಿದ್ದಾರೆ" ಎಂದರಂತೆ. ಧರ್ಮಶಾಸ್ತ್ರದಲ್ಲಿಯೂ ಹಾಗೆಯೇ ಇದೆ.

ಆ ರಾತ್ರಿ ಹುಡುಗ ನನಗೆ ಫೋನಿನಲ್ಲಿ ಹೇಳಿದ ಮಾತನ್ನು ಮರೆಯಲಾರೆ. "ಅವರ ಅಜ್ಜಂದಿರ್ನ ಮೋಸ ಮಾಡಿ ಹಡಗ ಹತ್ತಿಸಿದ್ರು ರಾಯರ. ನಾನು ಗೊತ್ತಿದ್ದ ಬಂದೀನಿ. ಅವರು ಇದ್ದದ್ದು ಬಿಟ್ಟಿಲ್ಲ. ನನ್ನ ಪೆಟ್ಟಿಗ್ಯಾಗ ಪಂಚಾಂಗ ಐತಿ, ದರ್ಭಿ ಐತಿ, ಕೇಳಿದ್ರ ಹೇಳ್ಲಿಕ್ಕೆ ನೀವದೀರಿ."

ಜ್ಯೇಷ್ಠ ಬಹುಳ ಪಂಚಮಿ ಹತ್ತಿರ ಬಂದಿತು. ಪ್ರಯಾಣದಲ್ಲಿರುವವನಿಗೆ, ಪಾಕಕ್ಕೆ ಅನುಕೂಲವಿಲ್ಲದವನಿಗೆ ಆಮಶ್ರಾದ್ಧವನ್ನು, ಅಂದರೆ ಬೇಯಿಸದ ಧಾನ್ಯವನ್ನು ಕೊಟ್ಟು ಮಾಡುವ ಶ್ರಾದ್ಧವನ್ನು, ನಿಬಂಧಕಾರರು ಹೇಳಿದ್ದಾರೆ. ಪ್ರತ್ಯಾಬ್ದಿಕಕ್ಕೆ ಪಕ್ವಾನ್ನವೇ ಆಗಬೇಕೆಂಬ ಪಕ್ಷವೂ ಇದೆ. ನಾನು ಮತ್ತೆ ಆ ವಿದ್ವಾಂಸರಿಗೇ ಬರೆದು ಕೇಳಿದೆ. ಅವರ ಉತ್ತರ ಮೂರೇ ಸಾಲು. ಮುಖ್ಯಕಲ್ಪ ಶಕ್ಯವಿಲ್ಲದವನಿಗೆ ಅನುಕಲ್ಪವುಂಟು. ಶಕ್ಯವೋ ಅಶಕ್ಯವೋ ಎಂಬುದನ್ನು ಅವನೇ ಹೇಳಬೇಕು. ಅನುಕಲ್ಪವನ್ನು ಮಾಡಿದವನು ಮುಖ್ಯವನ್ನೇ ಮಾಡಿದೆನೆಂದು ತಿಳಿಯಬಾರದು. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯದಲ್ಲಿ, ಮುಖ್ಯಕಲ್ಪಕ್ಕೆ ಸಮರ್ಥನಾಗಿದ್ದೂ ಅನುಕಲ್ಪವನ್ನು ಹಿಡಿಯುವವನಿಗೆ ಪರಲೋಕದಲ್ಲಿ ಅದರ ಫಲವಿಲ್ಲವೆಂದು ಹೇಳಿರುವುದು ಇದಕ್ಕೆ ಆಧಾರ.

ನಾನು ಇದನ್ನು ಹುಡುಗನಿಗೆ ಓದಿ ಹೇಳಿ, "ನಿನಗೆ ಬರಲು ಶಕ್ಯವಿಲ್ಲ ತಾನೇ?" ಎಂದೆ. ಹೌದೆನ್ನಲಿ ಎಂಬ ಆಸೆ ನನ್ನ ಧ್ವನಿಯಲ್ಲಿಯೇ ಇತ್ತು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಗೂದ ಇಲ್ಲಂತಲ್ಲ ರಾಯರ. ರಜಾ ಕೇಳಿದ್ರ ಕೊಡ್ತಿದ್ರೇನೋ. ಟಿಕೀಟಿಗೆ ಹೋಗೋ ರೊಕ್ಕ ಸಾಲಕ್ಕ ಕಟ್ಟೋಣಂತ ನಾನ ಕೇಳಲಿಲ್ಲ" ಎಂದ.

ನನ್ನ ಮಟ್ಟಿಗೆ ಇಡೀ ವಿಷಯದ ಮರ್ಮ ಇಲ್ಲಿದೆ. ಸಾಲ ಯಾರದು? ತಂದೆಯದು. ತಂದೆಯ ಸಾಲವನ್ನು ಮಗ ತೀರಿಸಬೇಕೆಂಬುದು ಯಾಜ್ಞವಲ್ಕ್ಯಾದಿಗಳು ಋಣಾದಾನ ಪ್ರಕರಣದಲ್ಲಿ ವಿಧಿಸಿದ ಧರ್ಮ. ಜೂಜು, ಮದ್ಯ ಮೊದಲಾದವಕ್ಕೆ ಮಾಡಿದ ಸಾಲಕ್ಕೆ ವಿನಾಯಿತಿ. ಶ್ರಾದ್ಧವೂ ತಂದೆಗೆ ಸಲ್ಲಬೇಕಾದ ಋಣವೇ. ಒಬ್ಬನೇ ತಂದೆಯ ಎರಡು ಋಣಗಳು ಒಂದೇ ಹಣಕ್ಕಾಗಿ ಎದುರುಬದುರು ನಿಂತಿವೆ. ಸಾಲಗಾರ ಕಾಯುವುದಿಲ್ಲ, ಬಡ್ಡಿ ಕಾಯುವುದಿಲ್ಲ. ಪಿತೃಗಳು ಕಾದಾರೆಂದು ನಾವು ಅವರನ್ನೇ ಹಿಂದಕ್ಕೆ ತಳ್ಳುತ್ತೇವೆ. ಹಾಗೆಂದು ಸಾಲವನ್ನು ಬೆಳೆಯಲು ಬಿಟ್ಟು ಮಾಡಿದ ಶ್ರಾದ್ಧದಿಂದ ಸತ್ತವರಿಗೆ ತೃಪ್ತಿಯಾದೀತೇ? ನಾನು ಎಷ್ಟು ಯೋಚಿಸಿದರೂ ಒಂದನ್ನು ಮೇಲು ಇನ್ನೊಂದನ್ನು ಕೀಳು ಎನ್ನಲಾರದೆ ಹೋದೆ. ಇಷ್ಟು ಮಾತ್ರ ನನಗೆ ಸ್ಪಷ್ಟವಾಯಿತು. ಸಾಲ ಕಟ್ಟಿದ್ದೇ ಶ್ರಾದ್ಧವಾಯಿತೆಂದು ಹೇಳುವುದು ಸುಲಭ, ಕೇಳಲು ಇಂಪಾದ ಮಾತು ಕೂಡ. ನಮ್ಮ ಕಾಲದ ಬಹುಪಾಲು ಉಪನ್ಯಾಸಗಳು ಅಲ್ಲಿಗೇ ಬಂದು ನಿಲ್ಲುತ್ತವೆ. ಆದರೆ ಒಂದು ಕರ್ತವ್ಯ ಇನ್ನೊಂದು ಕರ್ತವ್ಯವಾಗಿ ಮಾರ್ಪಡುವುದಿಲ್ಲ. ಭೇದ ಅಲ್ಲಿಯೂ ಸತ್ಯ. ಎರಡರಲ್ಲಿ ಒಂದನ್ನು ಮಾಡಿದವನಿಗೆ ಇನ್ನೊಂದು ಬಾಕಿಯಾಗಿಯೇ ಉಳಿಯುತ್ತದೆ. ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಕಳೆದ ನನಗೆ, ಬಾಕಿಯನ್ನು ಬಾಕಿಯೆಂದು ಬರೆದಿಡುವ ಲೆಕ್ಕವೇ ಒಳ್ಳೆಯ ಲೆಕ್ಕವೆಂಬುದು ಗೊತ್ತಿದೆ.

ಹುಡುಗ ಹಾಗೆಯೇ ಮಾಡಿದ. ಜಡಿಮಳೆಯಲ್ಲಿ ಮಿಂದು, ಅಪರಾಹ್ಣದಲ್ಲಿ ಪಂಚಮಿ ವ್ಯಾಪಿಸಿದ್ದ ದಿನವನ್ನು ಅಲ್ಲಿಯ ಸೂರ್ಯೋದಯಾಸ್ತಗಳಿಂದ ನಾವು ಲೆಕ್ಕ ಹಾಕಿ ತಿಳಿಸಿದಂತೆ, ತಿಲತರ್ಪಣ ಕೊಟ್ಟ. ಸುರಿನಾಮ್ ನದಿಯ ಪಶ್ಚಿಮ ತೀರವೆಂದು ಸಂಕಲ್ಪಿಸಿ, ಅಕ್ಕಿ, ಬೇಳೆ, ತರಕಾರಿ, ದಕ್ಷಿಣೆಗಳನ್ನು ಆ ವೃದ್ಧ ಪಂಡಿತರಿಗೆ ಕೊಟ್ಟು ನಮಸ್ಕರಿಸಿದ. ಸಂಕಲ್ಪದಲ್ಲಿ ಆಮಶ್ರಾದ್ಧವೆಂದೇ ಹೇಳಿದ. ಪಾತ್ರತೆಯ ವಿಷಯದಲ್ಲಿ ವೈದಿಕರು ಆಕ್ಷೇಪಿಸಬಹುದು, ನಾನು ವಾದಿಸುವುದಿಲ್ಲ. ಆ ವೃದ್ಧರು ದಾನ ಹಿಡಿದಾಗ ಅತ್ತರೆಂದೂ, ಯಾಕೆಂದು ಕೇಳಿದ್ದಕ್ಕೆ ಹಿಂದುಸ್ಥಾನದಿಂದ ಬಂದವನ ಕೈಯಿಂದ ತಮ್ಮ ಮನೆತನದವರು ಏನನ್ನಾದರೂ ತೆಗೆದುಕೊಂಡದ್ದು ಇದೇ ಮೊದಲೆಂದು ಹೇಳಿದರೆಂದೂ ಹುಡುಗ ತಿಳಿಸಿದ. ಅವರ ಗೋತ್ರದ ಸಂಗತಿಯನ್ನು ಅಜ್ಜಿಗೆ ಹೇಳಲು ನಾನು ಹಿಂಜರಿಯುತ್ತಿದ್ದೆ. ಹೇಳಿದಾಗ ಅಜ್ಜಿ, "ಮರತೀನಂತ ಹೇಳಿದ್ನಲ್ಲ, ಸಾಕು ಬಿಡ್ರಿ" ಎಂದುಬಿಟ್ಟರು.

ಭಾದ್ರಪದ ಶುಕ್ಲಪಕ್ಷದ ಕೊನೆಯಲ್ಲಿ ಹುಡುಗ ಹಿಂದಿರುಗಿದ. ಸಾಲದ ಮುಕ್ಕಾಲು ಪಾಲು ತೀರಿತ್ತು. ಮಠದಲ್ಲಿ ಪ್ರಾಯಶ್ಚಿತ್ತ ಸಂಕಲ್ಪ ಮಾಡಿ, ಪಂಚಗವ್ಯ ಸ್ವೀಕರಿಸಿ, ಹೊಸ ಯಜ್ಞೋಪವೀತ ಧರಿಸಿದ. ಕಲಿವರ್ಜ್ಯದ ಮಾತನ್ನು ಎತ್ತಿ ಒಬ್ಬರಿಬ್ಬರು ಪಂಕ್ತಿಯಲ್ಲಿ ಕೂರಲಿಲ್ಲ. ಅವನು ಬೇಸರಿಸದೆ ಕೊನೆಯಲ್ಲಿ ಬೇರೆ ಎಲೆ ಹಾಕಿಸಿಕೊಂಡು ಉಂಡ.

ಪಕ್ಷಮಾಸದ ಪಂಚಮಿಯಂದು ಅವರ ಮನೆಗೆ ನನ್ನನ್ನೂ ಕರೆದಿದ್ದರು. ಒಳಗೆ ಅಡಿಗೆಯ ಹೊಗೆ. ಅಜ್ಜಿ ಮಡಿಯಲ್ಲಿ ಬಾಗಿಲಿಗೆ ಒರಗಿ ಕುಳಿತಿದ್ದರು. ಪುರೋಹಿತರು ರೂಢಿಯಂತೆ ಸಂಕಲ್ಪ ಹೇಳಿಸುತ್ತ ಹೋದರು. ಜಂಬೂದ್ವೀಪ, ಭರತವರ್ಷ, ಭರತಖಂಡ ಎನ್ನುವಾಗ ಹುಡುಗನ ಧ್ವನಿ ಏರಿತು. ಗೋದಾವರಿಯ ದಕ್ಷಿಣ ತೀರ ಎಂದಾಗ ಅವನು ಹೇಳದೆ ನಿಂತ. ಪುರೋಹಿತರು ಮರೆತನೇನೋ ಎಂದು ಇನ್ನೊಮ್ಮೆ ಹೇಳಿದರು.

"ಆಚಾರ್ರ, ನಮ್ಮೂರ ಹತ್ರ ಹರಿಯೋ ನದಿ ಯಾವುದು?" ಎಂದು ಅವನು ಮೆಲ್ಲಗೆ ಕೇಳಿದ.

ಪುರೋಹಿತರು ನನ್ನ ಮುಖ ನೋಡಿದರು. ನಾನು ಅಜ್ಜಿಯ ಮುಖ ನೋಡಿದೆ. ಐವತ್ತು ವರ್ಷದಿಂದ ಡೊಂಬಿವಲಿಯಲ್ಲಿರುವ ಆ ಮುದುಕಿ, "ಉಲ್ಹಾಸ" ಎಂದರು. ಹುಡುಗ ಕೈಯಲ್ಲಿ ದರ್ಭೆ ಹಿಡಿದು ಮೊದಲಿನಿಂದ ಸಂಕಲ್ಪ ಆರಂಭಿಸಿದ.

॥ ಶ್ರೀಕೃಷ್ಣಾರ್ಪಣಮಸ್ತು ॥